ಸೀನುವ ಮೂಗಿಗೆ ಎಣ್ಣೆಯೋ, ಸ್ಪ್ರೇಯೋ?

ಮಾನ್ಯ ಸಂಪಾದಕರೇ,

ಮೇ ತಿಂಗಳು ಅರ್ಧ ಕಳೆಯಿತು. ಇನ್ನು ಮೂರು ವಾರಕ್ಕೆ ಘಟ್ಟದ ಮೇಲೂ ಕೆಳಗೂ ಮಳೆ ಹಿಡಿಯುತ್ತದೆ. ಅದರ ಬೆನ್ನಿಗೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಬೆಳಗಿನ ಸೀನು ಶುರುವಾಗುತ್ತದೆ. ಹಾಸಿಗೆಯಿಂದ ಏಳುತ್ತಿದ್ದಂತೆ ಹತ್ತು ಹದಿನೈದು ಸೀನು, ನೀರಿನ ಹಾಗೆ ಸುರಿಯುವ ಮೂಗು, ಅಂಗುಳಿನಲ್ಲಿ ತುರಿಕೆ, ಬಿಸಿಲೇರಿದ ಮೇಲೆ ತಾನಾಗಿ ಇಳಿತ. ನಮ್ಮಲ್ಲಿ ಇದಕ್ಕೂ ‘ಥಂಡಿ’ ಎಂದೇ ಹೆಸರು. ಥಂಡಿಯಾದರೆ ವಾರ, ಹತ್ತು ದಿನದಲ್ಲಿ ಮುಗಿಯಬೇಕು. ಇದು ತಿಂಗಳುಗಟ್ಟಲೆ ಬಿಡುವುದಿಲ್ಲ, ಜ್ವರವೂ ಬರುವುದಿಲ್ಲ. ಇದು ಅಲರ್ಜಿ ನೆಗಡಿ.

ಮೂಗಿನ ಮೂಲಕವೇ ಇದಕ್ಕೆ ಮದ್ದು ಕೊಡುವ ದಾರಿ ಆಯುರ್ವೇದದಲ್ಲೂ ಇದೆ, ಆಧುನಿಕ ವೈದ್ಯದಲ್ಲೂ ಇದೆ. ‘ಎಣ್ಣೆ ಸಹಜ, ಸ್ಪ್ರೇ ಎಂದರೆ ಸ್ಟಿರಾಯ್ಡ್’ ಎಂದು ಒಬ್ಬರು, ‘ಎಣ್ಣೆ ಹಾಕುವುದೆಲ್ಲ ಅಜ್ಜಿಯ ಕಾಲದ ಮಾತು’ ಎಂದು ಇನ್ನೊಬ್ಬರು ವಾದ ಹೂಡುತ್ತಾರೆ. ಎರಡೂ ಕಡೆ ಕಲಿತ ನಾವಿಬ್ಬರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಜಿಲ್ಲೆಯ ಮೂಗುಗಳು ಹೆಚ್ಚಾಗಿ ಕೆಡುತ್ತಿರುವುದು ಮದ್ದು ಹಾಕುವ ಹೊತ್ತು ತಪ್ಪಿ, ಹಾಕುವ ಕ್ರಮ ತಪ್ಪಿ. ಮದ್ದು ಯಾವ ಪದ್ಧತಿಯದು ಎಂಬ ಪ್ರಶ್ನೆ ಅದರ ನಂತರದ್ದು.

ಮೂಗಿನೊಳಗೆ ಏನಾಗುತ್ತದೆ ಎಂದು ತಿಳಿದರೆ ಮುಂದಿನದು ಸುಲಭ. ಹಾಸಿಗೆ, ದಿಂಬು, ಕಂಬಳಿಯಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ. ಅವುಗಳ ಹಿಕ್ಕೆ, ಗೋಡೆ ಮತ್ತು ಅಟ್ಟದ ಬೂಷ್ಟು, ಜಿರಲೆಯ ಚೂರು, ಪರಾಗ, ಇವನ್ನು ದೇಹ ವೈರಿ ಎಂದು ತಿಳಿದು ಐಜಿಇ ಎಂಬ ಪ್ರತಿಕಾಯ ಕಟ್ಟಿಕೊಂಡಿರುತ್ತದೆ. ಅದೇ ವಸ್ತು ಮತ್ತೆ ಮೂಗಿಗೆ ತಾಗಿದೊಡನೆ ಅಲ್ಲಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ. ಸೀನು, ತುರಿಕೆ, ನೀರು ಇವು ಹಿಸ್ಟಮಿನ್ ಕೆಲಸ, ನಿಮಿಷಗಳಲ್ಲಿ ಆಗುವಂಥದ್ದು. ಮೂಗು ಕಟ್ಟುವುದು ಮುಖ್ಯವಾಗಿ ನಾಲ್ಕಾರು ಗಂಟೆ ಕಳೆದ ಮೇಲೆ ಏರುವ ಉರಿಯೂತದಿಂದ. ಹಾಗಾಗಿಯೇ ಹಿಸ್ಟಮಿನ್ ತಡೆಯುವ 10 ಮಿಲಿಗ್ರಾಂ ಸೆಟ್ರಿಜಿನ್ ಮಾತ್ರೆಗೆ ಸೀನು ನಿಲ್ಲುತ್ತದೆ, ಕಟ್ಟಿದ ಮೂಗು ಅಷ್ಟಾಗಿ ಬಿಡುವುದಿಲ್ಲ. ‘ಮಾತ್ರೆ ತಾಗುತ್ತಿಲ್ಲ’ ಎಂದು ದೂರುವವರಲ್ಲಿ ಹಲವರ ತೊಂದರೆ ಇದು. ನುಸಿಗೆ ಬೇಕಾದದ್ದು ತೇವ. ಗಾಳಿಯ ತೇವಾಂಶ ನೂರಕ್ಕೆ ಐವತ್ತಕ್ಕಿಂತ ಕೆಳಗಿಳಿದರೆ ಅದು ಬದುಕಲಾರದು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಗಾಳಿ ಅಷ್ಟು ಒಣಗುವುದೇ ಅಪರೂಪ. ಚಾಲಿ (ಒಣಗಿಸಿದ ಅಡಿಕೆ) ಸುಲಿಯುವಾಗ ಏಳುವ ಸಿಪ್ಪೆಯ ಧೂಳು, ಕೊಟ್ಟಿಗೆಗೆ ತರುವ ದರಕು ಎಂಬ ಒಣ ಎಲೆ, ಬಚ್ಚಲ ಒಲೆಯ ಹೊಗೆ ಮೊದಲೇ ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುತ್ತವೆ.

ಮೊದಲು ಅತಿ ಹೆಚ್ಚು ಹಾನಿ ಮಾಡುತ್ತಿರುವ ಬಾಟಲಿಯ ಮಾತು. ಮೂಗು ಬಿಡಿಸುವ ಹನಿಮದ್ದು, ಅಂದರೆ ಕ್ಸೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್. ಆಟ್ರಿವಿನ್, ನಾಸಿವಿಯಾನ್ ಎಂದರೆ ಎಲ್ಲರಿಗೂ ಗೊತ್ತು. ಹಾಕಿದ ಐದು ನಿಮಿಷಕ್ಕೆ ಮೂಗು ಬಿಡುತ್ತದೆ, ಏಕೆಂದರೆ ಮೂಗಿನೊಳಗಿನ ಊದಿದ ರಕ್ತನಾಳಗಳನ್ನು ಅದು ಹಿಂಡಿಬಿಡುತ್ತದೆ. ಅಲರ್ಜಿಯನ್ನು ಅದು ಮುಟ್ಟುವುದೂ ಇಲ್ಲ. 3 ದಿನ, ಹೆಚ್ಚೆಂದರೆ 5 ದಿನ ದಾಟಿದರೆ ರಕ್ತನಾಳಗಳು ಮದ್ದಿಗೆ ಒಗ್ಗಿಹೋಗುತ್ತವೆ. ಮದ್ದಿನ ಬಲ ಇಳಿದೊಡನೆ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತವೆ. ಮತ್ತೆ ಹನಿ, ಮತ್ತೆ ಊತ. ದಿನಕ್ಕೆ ಎರಡು ಬಾರಿ ಹಾಕುತ್ತಿದ್ದವರು ಎಂಟು ಬಾರಿಗೆ ಮುಟ್ಟುವುದು, ದಿಂಬಿನ ಕೆಳಗೆ ಬಾಟಲಿ ಇಲ್ಲದೆ ನಿದ್ದೆ ಬಾರದಿರುವುದು ಹೀಗೆ. ‘ದುರ್ಮಾಂಸ ಬೆಳೆದಿದೆ’ ಎಂದು ಹೆದರಿ ಬರುವ ಕೆಲವರ ಮೂಗಿನಲ್ಲಿ ಕಾಣುವುದು ಈ ಹನಿಮದ್ದು ಮಾಡಿದ ಊತವೇ.

ಬಿಡುವ ದಾರಿ ಇದೆ. ವೈದ್ಯರನ್ನು ಕೇಳಿ, ಮೂಗಿನ ಉರಿಯೂತ ಇಳಿಸುವ ಸ್ಟಿರಾಯ್ಡ್ ಸ್ಪ್ರೇಯನ್ನು ಎರಡೂ ಹೊಳ್ಳೆಗೆ ಶುರು ಮಾಡಿ, ಹನಿಮದ್ದನ್ನು ಮೊದಲು ಒಂದೇ ಹೊಳ್ಳೆಗೆ ನಿಲ್ಲಿಸಬೇಕು. ಆ ಬದಿ ವಾರ, ಹತ್ತು ದಿನ ಬಿಗಿದುಕೊಂಡಿರುತ್ತದೆ, ಇನ್ನೊಂದು ಬದಿಯಿಂದ ಉಸಿರಾಡಬಹುದು. ಮೊದಲನೆಯದು ಬಿಟ್ಟ ಮೇಲೆ ಎರಡನೆಯದಕ್ಕೂ ನಿಲ್ಲಿಸುವುದು. ಮಕ್ಕಳಿರುವ ಮನೆಯವರು ಇದನ್ನೂ ನೆನಪಿಡಿ: ದೊಡ್ಡವರ ಹನಿಮದ್ದು ಎಳೆಯ ಮಕ್ಕಳ ಮೂಗಿಗೆ ಬಿದ್ದರೆ, ಅಥವಾ ಅವರು ಕುಡಿದುಬಿಟ್ಟರೆ, ವಿಪರೀತ ಮಂಪರು ಬಂದು ಎದೆಬಡಿತ ಮತ್ತು ಉಸಿರು ನಿಧಾನವಾಗುವ ಅಪಾಯವಿದೆ. ಬಿಪಿ ಇರುವ ಹಿರಿಯರೂ ತಮ್ಮಷ್ಟಕ್ಕೆ ತಂದು ಹಾಕಿಕೊಳ್ಳಬಾರದು.

ಜನ ಹೆದರುವುದು ಮಾತ್ರ ಈ ಬಾಟಲಿಗಲ್ಲ, ಸ್ಟಿರಾಯ್ಡ್ ಸ್ಪ್ರೇಗೆ. ಲೆಕ್ಕ ಹಾಕಿ ನೋಡಿ. ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಸ್ಪ್ರೇಯ ಒಂದು ಒತ್ತಿಗೆ 50 ಮೈಕ್ರೋಗ್ರಾಂ. ದೊಡ್ಡವರಿಗೆ ಮೊದಮೊದಲು ಒಂದೊಂದು ಹೊಳ್ಳೆಗೆ ಎರಡು ಒತ್ತು, ದಿನಕ್ಕೊಮ್ಮೆ. ಒಟ್ಟು 200 ಮೈಕ್ರೋಗ್ರಾಂ, ಎಂದರೆ ಒಂದು ಮಿಲಿಗ್ರಾಮಿನ ಐದನೆಯ ಒಂದು ಪಾಲು. ಅದರಲ್ಲಿ ರಕ್ತ ಸೇರುವುದು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಸೀನು ನಿಲ್ಲಲಿ ಎಂದು ವರ್ಷಕ್ಕೊಮ್ಮೆ ಸೊಂಟಕ್ಕೆ ಚುಚ್ಚಿಸಿಕೊಳ್ಳುವ ಟ್ರಯಾಮ್ಸಿನೊಲೋನ್ ಇಂಜೆಕ್ಷನ್‌ನಲ್ಲಿ 40 ಮಿಲಿಗ್ರಾಂ ಇರುತ್ತದೆ, ಅದು ಇಡೀ ದೇಹಕ್ಕೆ ಹೋಗುತ್ತದೆ. ಸಕ್ಕರೆ ಏರುತ್ತದೆ, ದೇಹ ತಾನೇ ಮಾಡುವ ಸ್ಟಿರಾಯ್ಡ್ ವಾರಗಟ್ಟಲೆ ಕುಗ್ಗುತ್ತದೆ. ಬರೀ ಸೀನಿಗೆ ಈ ಇಂಜೆಕ್ಷನ್ ಬೇಡವೇ ಬೇಡ. ಹಾಗೆಯೇ ಚೀಟಿ, ಹೆಸರು ಏನೂ ಇಲ್ಲದ ಪುಡಿಯ ಪೊಟ್ಟಣ ತಿಂದು ಎರಡೇ ದಿನಕ್ಕೆ ಎಲ್ಲ ನಿಂತರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿದೆಯೇ ಎಂದು ಅನುಮಾನಿಸಬೇಕು. ಪೊಟ್ಟಣ ಕಟ್ಟಿಕೊಟ್ಟವರು ತಮ್ಮನ್ನು ಯಾವ ಪದ್ಧತಿಯವರೆಂದು ಕರೆದುಕೊಂಡರೂ ಅಷ್ಟೇ.

ಅಲರ್ಜಿ ನೆಗಡಿಯನ್ನು ‘ಅರಿಯಾ’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2001ರಿಂದ ಹೀಗೆ ವಿಂಗಡಿಸುತ್ತ ಬಂದಿದೆ: ವಾರಕ್ಕೆ 4 ದಿನಕ್ಕಿಂತ ಹೆಚ್ಚು, ಅದೂ 4 ವಾರಕ್ಕಿಂತ ಹೆಚ್ಚು ಕಾಲ ಕಾಡಿದರೆ ಅದು ನಿರಂತರ ನೆಗಡಿ, ನಿದ್ದೆ, ಓದು, ಕೆಲಸ ಕೆಟ್ಟರೆ ತೀವ್ರತೆ ಮಧ್ಯಮ ಅಥವಾ ಹೆಚ್ಚು. ಈ ಗುಂಪಿಗೆ ಇಂದು ಅತಿ ಗಟ್ಟಿ ಪುರಾವೆ ಇರುವ ಮದ್ದು ಸ್ಟಿರಾಯ್ಡ್ ಸ್ಪ್ರೇ. ಇದನ್ನು ನಾವಿಬ್ಬರೂ ಒಪ್ಪುತ್ತೇವೆ.

ಆದರೂ ‘ಸ್ಪ್ರೇ ಹೊಡೆದೆ, ಏನೂ ಆಗಲಿಲ್ಲ’ ಎನ್ನುವವರು ಬಹಳ. ಒಂದು ಕಾರಣ ಆತುರ. ಇದು ಐದು ನಿಮಿಷದ ಮದ್ದಲ್ಲ. ಪೂರ್ತಿ ಗುಣ ಕಾಣಲು ಒಂದರಿಂದ ಎರಡು ವಾರ ಬೇಕು, ದಿನವೂ ತಪ್ಪದೆ ಹಾಕಬೇಕು. ಇನ್ನೊಂದು ಕಾರಣ ಕೈ. ಬಲಗೈಯಲ್ಲಿ ಬಾಟಲಿ ಹಿಡಿದು ಬಲ ಹೊಳ್ಳೆಗೆ ಇಟ್ಟು ನೋಡಿ: ಮೂತಿ ತಾನಾಗಿ ಒಳಕ್ಕೆ, ಮೂಗಿನ ನಡುಗೋಡೆಯ ಕಡೆಗೆ ತಿರುಗುತ್ತದೆ. ಮದ್ದೆಲ್ಲ ಅಲ್ಲೇ ಬಡಿಯುತ್ತದೆ. ನಡುಗೋಡೆಯ ಮುಂಭಾಗದಲ್ಲಿ ರಕ್ತನಾಳಗಳ ಹೆಣಿಗೆಯೇ ಇದೆ, ಚರ್ಮ ತೆಳು. ಅದು ಒಣಗಿ, ಹಕ್ಕಳೆ ಕಟ್ಟಿ, ರಕ್ತ ಬರುತ್ತದೆ. ಆಗ ಜನ ಸ್ಪ್ರೇಯನ್ನು ದೂರಿ ಮೂಲೆಗೆ ಎಸೆಯುತ್ತಾರೆ.

ಸರಿಯಾದ ಕ್ರಮ ಹೀಗೆ. ಮೂಗು ಸೀಟಿಕೊಳ್ಳಿ. ಬಾಟಲಿ ಚೆನ್ನಾಗಿ ಅಲುಗಿಸಿ. ಹೊಸ ಬಾಟಲಿಯಾದರೆ, ಅಥವಾ ವಾರದಿಂದ ಮುಟ್ಟದೆ ಇಟ್ಟಿದ್ದರೆ, ಸಮನಾದ ಮಂಜು ಬರುವ ತನಕ ಗಾಳಿಗೆ ನಾಲ್ಕಾರು ಬಾರಿ ಒತ್ತಿ. ತಲೆಯನ್ನು ತುಸು ಮುಂದಕ್ಕೆ ಬಗ್ಗಿಸಿ, ಹಿಂದಕ್ಕೆ ಬೇಡ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಮೂತಿಯನ್ನು ಒಳಗಿಟ್ಟು ಅದೇ ಬದಿಯ ಕಣ್ಣಿನ ಹೊರತುದಿಯ ಕಡೆಗೆ ತೋರಿಸಿ ಒತ್ತಿ. ಒತ್ತುವಾಗ ಹೂ ಮೂಸಿದಷ್ಟು ಮೆಲ್ಲಗೆ ಉಸಿರೆಳೆಯಿರಿ. ಜೋರಾಗಿ ಎಳೆದರೆ ಮದ್ದು ಮೂಗಿನಲ್ಲಿ ನಿಲ್ಲದೆ ಗಂಟಲಿಗೆ ಇಳಿಯುತ್ತದೆ. ಬಾಯಿ ಕಹಿಯಾದರೆ ಎಳೆತ ಹೆಚ್ಚಾಯಿತು ಎಂದೇ ಅರ್ಥ. ಹದಿನೈದು ನಿಮಿಷ ಮೂಗು ಸೀಟಬೇಡಿ. ಮೂತಿ ಒರೆಸಿ ಮುಚ್ಚಿಡಿ. 120 ಒತ್ತಿನ ಬಾಟಲಿ ದಿನಕ್ಕೆ ನಾಲ್ಕರಂತೆ 30 ದಿನಕ್ಕೆ ಮುಗಿಯಬೇಕು; ತಳದಲ್ಲಿ ಇನ್ನೂ ಮದ್ದು ಉಳಿದಂತೆ ಕಂಡರೂ ಆ ಮೇಲೆ ಪ್ರಮಾಣ ಸರಿ ಬರುವುದಿಲ್ಲ. ಹಿಡಿತಕ್ಕೆ ಬಂದ ಮೇಲೆ ಒಂದೊಂದು ಒತ್ತಿಗೆ ಇಳಿಸಬಹುದು. 4 ವರ್ಷ ದಾಟಿದ ಮಕ್ಕಳಿಗೆ ಮೊದಲಿನಿಂದಲೂ ಒಂದೊಂದೇ ಒತ್ತು, ವೈದ್ಯರ ಕಣ್ಣಳತೆಯಲ್ಲಿ, ಆಗಾಗ ಎತ್ತರ ಅಳೆಯುತ್ತ. ಮಳೆಗಾಲದಲ್ಲಿ ಪ್ರತಿವರ್ಷ ಕಾಡುವವರು ಮಳೆಗೆ ಎರಡು ವಾರ ಮೊದಲೇ ಶುರು ಮಾಡಿದರೆ ಅರ್ಧ ಗೆದ್ದಂತೆ. ಆ ಹೊತ್ತು ಈಗ ಬಂದಿದೆ.

ಇನ್ನು ಎಣ್ಣೆ. ಆಯುರ್ವೇದದಲ್ಲಿ ಈ ಕಾಯಿಲೆಯ ಲಕ್ಷಣಗಳು ಪ್ರತಿಶ್ಯಾಯದಲ್ಲಿ, ಎಂದರೆ ನೆಗಡಿಯಲ್ಲಿ, ಅದರಲ್ಲೂ ವಾತದಿಂದ ಹುಟ್ಟುವ ವಾತಜ ಪ್ರತಿಶ್ಯಾಯದಲ್ಲಿ ಬರುತ್ತವೆ. ‘ನಾಸಾ ಹಿ ಶಿರಸೋ ದ್ವಾರಂ’, ಮೂಗೇ ತಲೆಗೆ ಬಾಗಿಲು, ಎಂಬ ಆಯುರ್ವೇದದ ಆಚಾರ್ಯ ವಾಗ್ಭಟನ ಮಾತನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ, ಅವನ ಅಷ್ಟಾಂಗಹೃದಯದ ಸೂತ್ರಸ್ಥಾನ 20ರಲ್ಲಿ, ಯಾರಿಗೆ ನಸ್ಯ, ಎಂದರೆ ಮೂಗಿಗೆ ಮದ್ದು ಬಿಡುವುದು, ಕೂಡದು ಎಂಬ ದೊಡ್ಡ ಪಟ್ಟಿಯೂ ಇದೆ. ಅದನ್ನು ಹೇಳುವವರು ಕಡಿಮೆ. ಹೊಸದಾಗಿ ನೆಗಡಿ ಹಿಡಿದವರಿಗೆ ಕೂಡದು. ದಮ್ಮು, ಕೆಮ್ಮು ಇರುವವರಿಗೆ ಕೂಡದು. ಊಟ ಆದೊಡನೆ, ನೀರು ಕುಡಿದೊಡನೆ, ತಲೆಗೆ ಮಿಂದ ಮೇಲೆ, ಮೀಯುವ ಮೊದಲು ಕೂಡದು. ಬಾಣಂತಿಗೆ ಕೂಡದು. ದುರ್ದಿನದಲ್ಲಿ, ಎಂದರೆ ಮೋಡ ಕವಿದ ದಿನದಲ್ಲಿ ಕೂಡದು. ಇನ್ನೊಬ್ಬ ಆಚಾರ್ಯ ಚರಕನೂ ನಸ್ಯದ ಎಣ್ಣೆಯಾದ ಅಣುತೈಲವನ್ನು ವರ್ಷಕ್ಕೆ ಮೂರು ಋತುಗಳಲ್ಲಿ ಹೇಳುವಾಗ ‘ಗತಮೇಘೇ ನಭಸ್ತಲೇ’ ಎಂದು ಕಟ್ಟು ಹಾಕುತ್ತಾನೆ: ಆಕಾಶದಲ್ಲಿ ಮೋಡ ಇರಬಾರದು.

ಆಷಾಢದ ಶಿರಸಿಯಲ್ಲಿ ಮೋಡ ಇಲ್ಲದ ದಿನ ಯಾವುದು? ಹೊರಗೆ ಧೋ ಎಂದು ಮಳೆ, ಮೂಗಿನಿಂದಲೂ ನೀರು, ಆಗಲೇ ಅಣುತೈಲದ ಬಾಟಲಿ ತೆರೆದು ಆರೆಂಟು ಹನಿ ಸುರಿದುಕೊಳ್ಳುವುದು ಶಾಸ್ತ್ರದ ಪ್ರಕಾರವೇ ತಪ್ಪು. ತಲೆ ಭಾರವಾಯಿತು, ಕಫ ಹೆಚ್ಚಾಯಿತು, ಎದೆ ಗೊರಗೊರ ಎಂದಿತು ಎಂದರೆ ಆಶ್ಚರ್ಯವಿಲ್ಲ. ನಸ್ಯಕ್ಕೆ ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಕಾಲ ಮಳೆ ಬಿಟ್ಟ ಮೇಲಿನ ಅಕ್ಟೋಬರ್, ನವೆಂಬರ್ ಮತ್ತು ಹೋಳಿಯ ಆಚೀಚೆ.

ಅಣುತೈಲ ಮಾಡುವುದೇ ಒಂದು ದೊಡ್ಡ ಕೆಲಸ. ಜೀವಂತಿ, ದೇವದಾರು, ಭದ್ರಮುಷ್ಟಿ, ಲಾವಂಚ, ಸೊಗದೆ ಬೇರು, ಚಂದನ, ಅತಿಮಧುರ, ಬಿಲ್ವ ಮೊದಲಾದವನ್ನು ನೂರು ಪಾಲು ಮಳೆನೀರಿನಲ್ಲಿ ಹತ್ತನೇ ಒಂದಕ್ಕೆ ಬತ್ತಿಸಿ, ಆ ಕಷಾಯವನ್ನು ಪಾಲು ಮಾಡಿಕೊಂಡು ಎಳ್ಳೆಣ್ಣೆಯನ್ನು ಹತ್ತು ಬಾರಿ ಕಾಯಿಸಬೇಕು. ಹತ್ತನೆಯ ಪಾಕಕ್ಕೆ ಎಣ್ಣೆಯಷ್ಟೇ ಆಡಿನ ಹಾಲು. ಮನೆಯಲ್ಲಿ ಎಳ್ಳೆಣ್ಣೆಗೆ ತುಳಸಿ ಹಾಕಿ ಕುದಿಸಿ ‘ಇದೂ ಅದೇ’ ಎನ್ನುವಂತಿಲ್ಲ. ಹಸಿ ಸೊಪ್ಪಿನ ನೀರಂಶ ಉಳಿದ ಎಣ್ಣೆ ಹತ್ತು ದಿನಕ್ಕೆ ಕೆಡುತ್ತದೆ, ಅದನ್ನು ಮೂಗಿಗೆ ಹಾಕುವುದು ಸೋಂಕನ್ನು ಕರೆದಂತೆ.

ವೈದ್ಯರ ಬಳಿ ಮಾಡುವ ನಸ್ಯ ಹೀಗಿರಬೇಕು. ಬೆಳಿಗ್ಗೆ, ಹೊಟ್ಟೆ ಹಗುರವಿದ್ದಾಗ. ಹಣೆ, ಕೆನ್ನೆ, ಕುತ್ತಿಗೆಗೆ ಎಣ್ಣೆ ತಿಕ್ಕಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ. ಕಣ್ಣಿನ ಮೇಲೆ ಹತ್ತಿ. ಎಣ್ಣೆಯ ಬಟ್ಟಲನ್ನು ಒಲೆಗಿಡಬಾರದು, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ಅಂಗಾತ ಮಲಗಿಸಿ ತಲೆ ತುಸುವೇ ಕೆಳಗೆ, ಕಾಲು ತುಸುವೇ ಮೇಲೆ. ತಲೆ ಸಾಕಷ್ಟು ಬಾಗದಿದ್ದರೆ ಎಣ್ಣೆ ನೇರ ಗಂಟಲಿಗೆ ಜಾರುತ್ತದೆ, ಅತಿಯಾಗಿ ಬಾಗಿದರೆ ತಲೆನೋವು. ಒಂದು ಹೊಳ್ಳೆ ಒತ್ತಿ ಹಿಡಿದು ಇನ್ನೊಂದಕ್ಕೆ ಹನಿ, ಆಮೇಲೆ ಅದಲುಬದಲು. ಶಾಸ್ತ್ರದ ‘ಬಿಂದು’ ಎಂದರೆ ತೋರುಬೆರಳನ್ನು ಎರಡು ಗೆಣ್ಣು ಅದ್ದಿ ಎತ್ತಿದಾಗ ಬೀಳುವ ಹನಿ. ಅಂಥವು 10, 8 ಅಥವಾ 6, ರೋಗಿಯ ಬಲ ನೋಡಿ. ಪ್ಲಾಸ್ಟಿಕ್ ಡ್ರಾಪರಿನ ಹನಿ ಅದಕ್ಕಿಂತ ಸಣ್ಣದು, ಹಾಗಾಗಿ ಪುಸ್ತಕದ ಸಂಖ್ಯೆ ಹಿಡಿದು ಮನೆಯಲ್ಲಿ ಲೆಕ್ಕ ಹಾಕಬೇಡಿ. ಗಂಟಲಿಗೆ ಬಂದದ್ದನ್ನು ನುಂಗದೆ ಎಡಕ್ಕೂ ಬಲಕ್ಕೂ ಹೊರಳಿ ಉಗುಳಬೇಕು. ನೂರು ಎಣಿಸುವಷ್ಟು ಹೊತ್ತು ಹಾಗೇ ಮಲಗಿ, ಎದ್ದು ಬಿಸಿನೀರಿನಿಂದ ಬಾಯಿ ಮುಕ್ಕಳಿಸುವುದು. 7 ವರ್ಷಕ್ಕೆ ಕೆಳಗಿನವರಿಗೆ, 80 ದಾಟಿದವರಿಗೆ ಈ ನಸ್ಯ ಇಲ್ಲ.

ಮನೆಯಲ್ಲಿ ತಾವೇ ಮಾಡಬಹುದಾದದ್ದು ಪ್ರತಿಮರ್ಶ ಮಾತ್ರ, ಒಂದೊಂದು ಹೊಳ್ಳೆಗೆ ಎರಡು ಹನಿ. ಮಳೆಯಿಲ್ಲದ ತಿಂಗಳುಗಳಲ್ಲಿ ಮೂಗು ಒಣಗಿ ಹಕ್ಕಳೆ ಕಟ್ಟುವವರಿಗೆ, ಅಡಿಕೆ ಸುಲಿಯುವ ಕೆಲಸಕ್ಕೆ ಕೂರುವವರಿಗೆ ಇದು ಹಿತ. ಅಂಥವರು ಕಿರುಬೆರಳ ತುದಿಯಲ್ಲಿ ಎಣ್ಣೆ ತೆಗೆದು ಹೊಳ್ಳೆಯ ಒಳಬದಿಗೆ ಸವರಿದರೂ ಸಾಕು, ಮೇಲೆ ಮಾಸ್ಕ್ ಕಟ್ಟಲೇಬೇಕು. ಸ್ಪ್ರೇಯನ್ನೂ ಬಳಸುವವರು ಬೆಳಿಗ್ಗೆ ಸ್ಪ್ರೇ, ಸಂಜೆ ಎಣ್ಣೆ ಎಂದು ಇಟ್ಟುಕೊಳ್ಳಿ. ಜಿಡ್ಡಿನ ಮೇಲೆ ನೀರಿನ ಮದ್ದು ನಿಲ್ಲುವುದಿಲ್ಲ.

ಒಂದು ಕಡೆ ನಾವು ಶಾಸ್ತ್ರವನ್ನೂ ಮೀರಿ ಹೇಳಬೇಕಾಗಿದೆ. ಪ್ರತಿಮರ್ಶ ಹುಟ್ಟಿನಿಂದ ಸಾವಿನವರೆಗೆ ಆಗಬಹುದು ಎಂದು ವಾಗ್ಭಟ ಹೇಳಿದ್ದಾನೆ. ನಮ್ಮ ಮನೆಗಳಲ್ಲಿ ಕೂಸು ಮೀಯಿಸುವಾಗ ಮೂಗಿಗೆ ಕೊಬ್ಬರಿ ಎಣ್ಣೆ ಬಿಡುವ ರೂಢಿಯೂ ಇದೆ. ದಯವಿಟ್ಟು ಬಿಡಬೇಡಿ. ಕೂಸಿಗೆ ಉಗುಳಲು ಬಾರದು. ಎಣ್ಣೆ ಕೆಮ್ಮನ್ನೂ ಎಬ್ಬಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಲ್ಲದು. ಅಲ್ಲಿಂದ ಅದನ್ನು ಹೊರಹಾಕುವುದು ದೇಹಕ್ಕೆ ಕಷ್ಟ, ಅದೊಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಹಾಸಿಗೆ ಹಿಡಿದ ಹಿರಿಯರಿಗೂ, ಪಾರ್ಶ್ವವಾಯುವಾಗಿ ನುಂಗಲು ಕಷ್ಟಪಡುವವರಿಗೂ ಇದೇ ಮಾತು. ಇದರಲ್ಲಿ ನಮ್ಮಿಬ್ಬರಿಗೂ ಎಳ್ಳಷ್ಟೂ ಭಿನ್ನಮತವಿಲ್ಲ.

ಭಿನ್ನಮತ ಇರುವುದು ಇನ್ನೊಂದು ಕಡೆ. ನಿರಂತರ ಅಲರ್ಜಿ ನೆಗಡಿಗೆ ಮಳೆ ಮುಗಿದ ಮೇಲೆ ಏಳು ದಿನದ ನಸ್ಯ ಮಾಡಿಸಿದರೆ ಮುಂದಿನ ಕಾಟ ತಗ್ಗುತ್ತದೆ ಎಂಬುದು ನಮ್ಮಲ್ಲಿ ಆಯುರ್ವೇದದವರ ನಂಬಿಕೆ. ಇದುವರೆಗಿನ ಅಧ್ಯಯನಗಳು ಚಿಕ್ಕವು, ಅಷ್ಟನ್ನೇ ನಂಬಿ ಸ್ಪ್ರೇ ನಿಲ್ಲಿಸಬಾರದು ಎಂಬುದು ಇನ್ನೊಬ್ಬರ ನಿಲುವು. ದಮ್ಮು ಇರುವವರಿಗೆ ಮಾತ್ರ ಸ್ಪ್ರೇ, ಇನ್‌ಹೇಲರ್ ನಿಲ್ಲಿಸಿ ನಸ್ಯಕ್ಕೆ ಹೋಗುವುದು ಬೇಡ ಎಂಬಲ್ಲಿ ಮತ್ತೆ ಒಂದಾಗುತ್ತೇವೆ.

ಜಲನೇತಿಯ ಬಗ್ಗೆ ಬರೆಯದೆ ಮುಗಿಸುವಂತಿಲ್ಲ. ಉಪ್ಪುನೀರಲ್ಲಿ ಮೂಗು ತೊಳೆಯುವುದು ಎರಡೂ ಪದ್ಧತಿಗೆ ಒಪ್ಪಿಗೆ, ಖರ್ಚೂ ಇಲ್ಲ. ತಪ್ಪುವುದು ನೀರಿನಲ್ಲಿ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಕುದಿಸದ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಮಿದುಳು ತಿನ್ನುವ ಅಮೀಬಾದಿಂದ ಸತ್ತರು. ಪಕ್ಕದ ಕೇರಳದಲ್ಲಿ 2024ರಿಂದ ಈಚೆಗೆ ಅಮೀಬಾದ ಮಿದುಳುಜ್ವರ ಹಲವರ ಜೀವ ತೆಗೆದಿದೆ. ಕುಡಿಯಲು ಒಳ್ಳೆಯದಾದ ಬಾವಿ ನೀರು ಮೂಗಿಗೂ ಒಳ್ಳೆಯದು ಎಂದಲ್ಲ. ಹೊಟ್ಟೆಯ ಆಮ್ಲ ಕೊಲ್ಲುವುದನ್ನು ಮೂಗು ಕೊಲ್ಲಲಾರದು. ಹಂಡೆಯ ಬೆಚ್ಚನೆ ನೀರೂ ಆಗದು. ಒಂದು ಲೀಟರಿಗೆ 9 ಗ್ರಾಂ ಉಪ್ಪು, ಎಂದರೆ ಪುಡಿ ಉಪ್ಪಾದರೆ ಒಂದೂವರೆ ಸಮ ಚಹಾ ಚಮಚ, ಅಯೋಡಿನ್ ಇಲ್ಲದ್ದು. ಸಾಣಿಕಟ್ಟಾದ ಹರಳುಪ್ಪಾದರೆ ಚಮಚದ ಅಳತೆ ಸರಿ ಬಾರದು, ತೂಗಿಯೇ ಹಾಕಿ. ಉಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಐದು ನಿಮಿಷ ಕುದಿಸಿ, ಮುಚ್ಚಿ ಆರಿಸಿ. ಒಂದು ಚಿಟಿಕೆ ಅಡುಗೆ ಸೋಡಾ ಬೆರೆಸಿದರೆ ಉರಿ ಕಡಿಮೆ. ಕಡಲಂಚಿನ ಬಾವಿಗಳ ನೀರು ಬೇಸಿಗೆಯಲ್ಲಿ ತಾನೇ ಉಪ್ಪಾಗಿರುತ್ತದೆ, ಅಲ್ಲಿಯವರು ಇದಕ್ಕೆ ಬೇರೆ ಸಿಹಿನೀರು ತನ್ನಿ. ತೊಳೆದಾದ ಮೇಲೆ ಎರಡೂ ಹೊಳ್ಳೆ ಮುಚ್ಚಿ ಜೋರಾಗಿ ಸೀಟಿದರೆ ನೀರು ಕಿವಿಗೆ ಏರುತ್ತದೆ. ಬಗ್ಗಿ, ಒಂದೊಂದಾಗಿ, ಮೆಲ್ಲಗೆ. ಸ್ಪ್ರೇ ಹಾಕುವುದಿದ್ದರೆ ತೊಳೆದು ಹತ್ತು ನಿಮಿಷ ಬಿಟ್ಟು.

ಉಳಿದವು ಬೇಗ ಹೇಳಬಹುದು. ಜೀರಿಗೆ, ಕೊತ್ತಂಬರಿ, ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಅಲರ್ಜಿಗೆ ಅದೇ ಚಿಕಿತ್ಸೆಯಲ್ಲ. ಅರಿಶಿನ ಕೊಂಬು ಸುಟ್ಟ ಹೊಗೆ ಅಲರ್ಜಿಯ ಮೂಗಿಗೆ ಬೇಡ, ಮಕ್ಕಳ ಮುಂದೆ ಕುದಿನೀರಿನ ಪಾತ್ರೆಯೂ ಬೇಡ. ಅಲರ್ಜಿಗೆ ತಿನ್ನುವ ಹರಿದ್ರಾಖಂಡ ಎಂಬ ಆಯುರ್ವೇದ ಮದ್ದಿನಲ್ಲಿ 8 ಪಲ (ಹಳೆಯ ತೂಕದ ಅಳತೆ) ಅರಿಶಿನಕ್ಕೆ 50 ಪಲ ಸಕ್ಕರೆ ಇದೆ. ಸಕ್ಕರೆ ಕಾಯಿಲೆಯವರು ‘ಗಿಡಮೂಲಿಕೆ ತಾನೇ’ ಎಂದು ಚಮಚಗಟ್ಟಲೆ ತಿನ್ನಬಾರದು. ಸೆಟ್ರಿಜಿನ್ ಬಗೆಯ ಮದ್ದಿನ ಜೊತೆ ಮಾಂಟೆಲುಕಾಸ್ಟ್ ಎಂಬ ಇನ್ನೊಂದು ಅಲರ್ಜಿ ಮದ್ದು ಸೇರಿದ ಮಾತ್ರೆಯನ್ನು ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗುವವರೂ ಇದ್ದಾರೆ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಖಿನ್ನತೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಕಟ್ಟೆಚ್ಚರ ಕೊಟ್ಟಿದ್ದಾರೆ. ಒಂದೇ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ ಬಂದರೆ ಎಣ್ಣೆಯೂ ಬೇಡ, ಸ್ಪ್ರೇಯೂ ಬೇಡ, ಮೊದಲು ಒಳಗೆ ದೀಪ ಹಾಕಿ ನೋಡಿಸಿಕೊಳ್ಳಿ. ಮಗುವಿನ ಒಂದೇ ಹೊಳ್ಳೆ ನಾರುತ್ತಿದ್ದರೆ ಒಳಗೆ ಕಾಳೋ ಬೀಜವೋ ಸಿಕ್ಕಿರಬಹುದು. ಆಟಿಕೆಯ ಗುಂಡಿ ಬ್ಯಾಟರಿಯಾದರೆ ಅದು ಗಂಟೆಗಳ ಲೆಕ್ಕದ ತುರ್ತು. ಜ್ವರ ಇದ್ದರೆ ಅದು ಅಲರ್ಜಿಯಲ್ಲ. ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ತಿಂಗಳುಗಳಲ್ಲಿ ಜ್ವರ ಬಂದವರು ಕಷಾಯ ಕುಡಿದು ಕೂರದೆ ಆಸ್ಪತ್ರೆಗೆ ಹೋಗಬೇಕು.

ಜಿಲ್ಲೆಯ ಔಷಧ ಅಂಗಡಿಯವರಲ್ಲಿ, ಯೋಗ ಶಿಬಿರ ನಡೆಸುವವರಲ್ಲಿ ನಮ್ಮದು ಎರಡು ಕೋರಿಕೆ. ಶಿಬಿರದಲ್ಲಿ ನೇತಿಗೆ ಬಳಸುವ ನೀರನ್ನು ಎಲ್ಲರ ಕಣ್ಣೆದುರೇ ಕುದಿಸಿ. ಮೂಗು ಬಿಡಿಸುವ ಹನಿಮದ್ದನ್ನು ಕೈಗೆ ಕೊಡುವ ಮೊದಲು ಬಾಟಲಿಯ ಮೇಲೆ ಪೆನ್ನಿನಿಂದ ಆ ದಿನದ ತಾರೀಕು ಬರೆದು, ಅದರ ಪಕ್ಕಕ್ಕೆ ಐದನೆಯ ದಿನದ ತಾರೀಕನ್ನೂ ಬರೆದು ಕೊಡಿ.

— ಕಿವಿ-ಮೂಗು-ಗಂಟಲು ವೈದ್ಯರೊಬ್ಬರು ಮತ್ತು ಆಯುರ್ವೇದ ವೈದ್ಯರೊಬ್ಬರು, ಶಿರಸಿ